ಚೇಳಿನಮ್ಮನವರ ವೇಷದ ಕಾರ್ಡು

ನಮ್ಮ ಊರಿನಲ್ಲಿ ಮದುವೆಯ ಕರೆಯೋಲೆಯ ಮೇಲೆ ‘ಮರೆಯದೆ ಬನ್ನಿ’ ಎಂದು ಅಚ್ಚು ಹಾಕಿಸುವುದಿಲ್ಲ. ಹಾಕಿಸಿದರೆ ಬೀಗರ ಕಡೆಯವರು ಬೇಕೆಂದೇ ಚುಚ್ಚಿದರು ಎಂದುಕೊಳ್ಳುತ್ತಾರೆ. ‘ನೆನಪಿದ್ದರೆ ಬನ್ನಿ’ ಎಂದಿರುತ್ತದೆ. ಬಾಗಿಲಲ್ಲಿ ಪನ್ನೀರು ಹಿಡಿದು ನಿಂತವರು, “ತಾವು ಗಂಡಿನ ಕಡೆಯವರೋ, ಹೆಣ್ಣಿನ ಕಡೆಯವರೋ, ಗೊತ್ತಿಲ್ಲದ ಕಡೆಯವರೋ?” ಎಂದು ಬಹಳ ಮರ್ಯಾದೆಯಿಂದ ವಿಚಾರಿಸುತ್ತಾರೆ. ಮೂರನೆಯ ಕಡೆಯವರಿಗೂ ಎಲೆ ಹಾಕುತ್ತಾರೆ. ಎಷ್ಟೋ ಮದುವೆಗಳಲ್ಲಿ ಆ ಪಂಕ್ತಿಯೇ ಉದ್ದ.

ಎಲ್ಲ ವೇಷದ ಕಾರ್ಡಿನ ಮಹಿಮೆ. ನಮ್ಮ ಮನೆಗಳಲ್ಲಿರುವ ಕಂಪ್ಯೂಟರುಗಳು ಹಳೆಯ ಕಾಲದವು. ಬಣ್ಣ ಒಂದಾನೊಂದು ಕಾಲಕ್ಕೆ ಬಿಳಿ ಇದ್ದಿರಬೇಕು, ಈಗ ಎಲೆಅಡಿಕೆ ಬಿಟ್ಟವರ ಹಲ್ಲಿನದು. ಅವು ತಮ್ಮ ಜಾತಿಯ ಫ್ಲಾಪಿಯನ್ನು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಪಿಸಿ ಎಂಬ ಬೇರೆ ಜಾತಿಯ ಕಂಪ್ಯೂಟರಿಗೆಂದು ಬರೆದ ಫ್ಲಾಪಿಯನ್ನು ಬಾಯಿಗಿಟ್ಟರೆ ಮಕ್ಕಳು ಹರಳೆಣ್ಣೆ ಉಗುಳಿದಂತೆ ಉಗುಳುತ್ತವೆ. ಆದರೆ ಮುಚ್ಚಳ ಬಿಚ್ಚಿ, ಒಳಗಿನ ಸಂದಿಯಲ್ಲಿ ಅಂಗೈಯಗಲದ ಹಸಿರು ಕಾರ್ಡೊಂದನ್ನು ಒತ್ತಿ ಕೂರಿಸಿದರೆ ಅದೇ ಪೆಟ್ಟಿಗೆ ತಾನೂ ಪಿಸಿಯೇ ಎಂದು ವೇಷ ಹಾಕುತ್ತದೆ. ವೇಷಕ್ಕೆ ಮೆಮೊರಿ ಬೇಕು. ಕಾರ್ಡಿನ ಮೇಲೆ ಮೆಮೊರಿಯ ಚಿಪ್ಪು ಕೂರಿಸಲು ಸಾಲಾಗಿ ಗೂಡುಗಳಿವೆ, ಎಲ್ಲವೂ ಖಾಲಿ. ಬೇರೆ ಊರಿನವರು ತಮ್ಮ ಪಾಲಿಗೆ ಚಿಪ್ಪು ಬಂತು ಎಂದು ಅಳುತ್ತಾರೆ. ನಮ್ಮ ಪಾಲಿಗೆ ಅದೂ ಬರಲಿಲ್ಲ. ಹಾಗಾಗಿ ಪೆಟ್ಟಿಗೆಯ ಮೇಲೆ ಅಂಗೈ ಊರಿ, ಕೊಡಬೇಕೆಂದಿರುವ ನೆನಪನ್ನು ಬಾಯಿಬಿಟ್ಟು ಹೇಳಬೇಕು. ಹೇಳಿ ಮುಗಿಯುತ್ತಿದ್ದಂತೆ ಪರದೆಯ ಮೂಲೆಯಲ್ಲಿ ಅಂಕಿ ಏರುತ್ತದೆ, ಹೇಳಿದವರ ತಲೆಯಿಂದ ಅದು ಇಳಿದಿರುತ್ತದೆ. ಸ್ವಿಚ್ ಆರಿಸಿದರೆ ಪೆಟ್ಟಿಗೆಯಲ್ಲೂ ಉಳಿಯುವುದಿಲ್ಲ. ಮತ್ತೆ ಹಾಕಬೇಕೆಂದರೆ ಬೇರೆ ನೆನಪು ಕೊಡಬೇಕು. ಕರೆಂಟು ಹೋದಾಗ ನಮ್ಮೂರಿನವರು ಯಾರನ್ನೂ ಶಪಿಸುವುದಿಲ್ಲ, ಒಂದು ನಿಮಿಷ ಎದ್ದು ನಿಲ್ಲುತ್ತಾರೆ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಯಾವ ನೆನಪಿಗೆ ಎಷ್ಟು ತೂಕ ಎಂಬುದು ಇಲ್ಲಿ ಸೊಪ್ಪಿನ ಬೆಲೆಯ ಹಾಗೆ ಎಲ್ಲರಿಗೂ ಗೊತ್ತು. ಸಂತೋಷ ಹಗುರ. ಬಟ್ಟೆ ಅಂಗಡಿಯ ಮಾಲೀಕರು ತಮ್ಮ ಮದುವೆಯ ದಿನವನ್ನು ಇಡಿಯಾಗಿ ಕೊಟ್ಟರೂ ಪರದೆಯ ಮೇಲೆ ಒಂದು ಗೆರೆ ಮಿನುಗಿತೇ ಹೊರತು ಅಕ್ಷರ ಮೂಡಲಿಲ್ಲ. ಮಗ್ಗಿ, ಪದ್ಯ, ಬಸ್ಸಿನ ಸಮಯ ಇವೆಲ್ಲ ಮಧ್ಯಮ. ಭಾರವೆಂದರೆ ಜಗಳ. ಜಗಳವೆಂದರೆ ಆಡಿದ ಮಾತಷ್ಟೇ ಅಲ್ಲವಲ್ಲ. ಮಾರನೆಯ ದಿನ ಸ್ನಾನ ಮಾಡುವಾಗ ಹೊಳೆದ, ಅಯ್ಯೋ ಹೀಗೆ ಹೇಳಬೇಕಿತ್ತು ಎನ್ನಿಸಿದ ಮಾತುಗಳೂ ಅದರ ಜೊತೆಗೇ ಗಂಟಾಗಿರುತ್ತವೆ. ಯಾರಿಗೂ ಬೇಡದ ಸಾಮಾನು, ತೂಕ ಮಾತ್ರ ಜಾಸ್ತಿ. ಆದ್ದರಿಂದ ಕಾರ್ಡು ತಂದವರು ಜಗಳ ಕೊಟ್ಟು ಮುಗಿಸುವುದು ವಾಡಿಕೆ. ದಾಸ್ತಾನು ಸಾಲದ ಹೊಸ ದಂಪತಿಗಳು ಕಾರ್ಡಿಗೆಂದೇ ಕೆಲವು ವಾರ ಕೂತು ಜಗಳವಾಡುವುದುಂಟು; ಅಕ್ಕಪಕ್ಕದವರು ಸಹಕರಿಸುತ್ತಾರೆ. ಹಿಟ್ಟಿನ ಗಿರಣಿಯ ಅಣ್ಣತಮ್ಮಂದಿರು ತಮ್ಮ ಜಗಳವನ್ನು ಕಾರ್ಡಿಗೆ ಕೊಟ್ಟು ಎಷ್ಟೋ ಕಾಲವಾಯಿತು. ಮಾತು ಬಿಟ್ಟದ್ದು ಮಾತ್ರ ಹಾಗೇ ಉಳಿದಿದೆ. “ಸುಮ್ಮಸುಮ್ನೆ ಬಿಟ್ಟಿರ್ತೀವಾ? ಏನೋ ದೊಡ್ಡದೇ ಇರಬೇಕು,” ಎಂದು ಅಣ್ಣ ಒಮ್ಮೆ ನನ್ನ ಹತ್ತಿರ ಹೇಳಿದರು. ಕಣ್ಣು ತಮ್ಮನ ಬಾಗಿಲ ಕಡೆಗಿತ್ತು.

ಇನ್ನು ನನ್ನ ವಿಷಯ. ಹೆಸರು ವಿರೂಪಾಕ್ಷ. ವೃತ್ತಿ ಟ್ಯೂಷನ್, ಪ್ರವೃತ್ತಿ ಮಿಮಿಕ್ರಿ. ಬಿ.ಎ. ಆಗಿದೆ, ಬರೀ ಅಣಕ ಎಂದು ಬಿಡಿಸಿ ಓದಿಕೊಳ್ಳಬಹುದು. ಊರಿನ ಯಾರ ಧ್ವನಿ ಬೇಕಾದರೂ ನನ್ನ ಗಂಟಲಲ್ಲಿದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳು ಭಾಷಣ ಮಾಡುವ ಮೊದಲೇ ಅವರ ಭಾಷಣವನ್ನು ಅವರ ಧ್ವನಿಯಲ್ಲಿ ಮುಗಿಸಿದ ಕೀರ್ತಿ ನನ್ನದು. ನಾನು ಇದುವರೆಗೆ ಯಾವ ಪೆಟ್ಟಿಗೆಯ ಮೇಲೂ ಕೈ ಊರಿಲ್ಲ. ನೆನಪೇ ನನ್ನ ಬಂಡವಾಳ, ಅದನ್ನು ಕಳೆದುಕೊಂಡರೆ ಉಳಿಯುವುದು ಬರೀ ಬಂಡತನ.

ಈ ಬಂಡವಾಳದ ಬಹುಭಾಗ ಬಂದದ್ದು ಗೋಡೆಯ ಆಚೆಯಿಂದ. ನಮ್ಮದೂ ಧರಣೇಂದ್ರಯ್ಯನವರದೂ ಒಂದೇ ಗೋಡೆಯ ಎರಡು ಮನೆಗಳು. ಅವರು ನೀರು ಸರಬರಾಜು ಕಚೇರಿಯಲ್ಲಿದ್ದವರು, ಹೆಂಡತಿ ಚೇಳಿನಿ, ಊರಿಗೆಲ್ಲ ಚೇಳಿನಮ್ಮ. ಜೈನರ ಮನೆ, ಸೂರ್ಯ ಮುಳುಗುವ ಮೊದಲೇ ಊಟ ಮುಗಿಯುತ್ತಿತ್ತು. ಊಟವಾದ ಮೇಲೆ ಬೆಳಕಿರುವಷ್ಟು ಹೊತ್ತು ಗಂಡ ಹೆಂಡತಿ ಜಗಲಿಯ ಮೇಲೆ ಕೂತು ಹುಲಿಕಟ್ಟು ಆಡುತ್ತಿದ್ದರು. ಸೀಮೆಸುಣ್ಣದಲ್ಲಿ ಬರೆದ ಮನೆಗಳು, ಹುಲಿಗೆ ಗಜ್ಜುಗ, ಆಡಿಗೆ ಹುಣಸೆಬೀಜ. ಹುಲಿ ಆಡಿನ ಮೇಲಿಂದ ಜಿಗಿದರೆ ಆಡು ಹೋಯಿತು, ಆಡುಗಳೆಲ್ಲ ಸೇರಿ ಹುಲಿಗಳನ್ನು ಅಲ್ಲಾಡದಂತೆ ಕಟ್ಟಿಹಾಕಿದರೆ ಹುಲಿ ಸೋತಿತು. ಗಂಡ ಯಾವಾಗಲೂ ಹುಲಿ, ಹೆಂಡತಿ ಯಾವಾಗಲೂ ಆಡು. ನಡೆ ಒಂದಾದರೆ ಜಗಳ ಮೂರು. “ಎರಡು ಸಲ ನಡೆಸಿದ್ರಿ, ನಾನೇನು ಕುರುಡಿಯಾ?” “ಚೇಳಿ, ನೀನು ಸೆರಗಲ್ಲಿ ಆಡು ಕಟ್ಟಿಕೊಂಡು ಬಂದಿದ್ದೀಯ, ಬಿಚ್ಚು ನೋಡೋಣ.” “ಹುಲಿಯಂತೆ ಹುಲಿ, ಮೀಸೆ ನೋಡಿದ್ರೆ ಜಿರಲೆದು.” ಹುಲಿ ಇನ್ನೇನು ಕಟ್ಟುಬೀಳಬೇಕು ಎನ್ನುವಾಗ ಧರಣೇಂದ್ರಯ್ಯನವರ ಮಂಡಿಗೆ ದಿಢೀರನೆ ಜೋಮು ಹಿಡಿಯುತ್ತಿತ್ತು. ಮಂಡಿ ಸರಿದು ಕಾಯಿಗಳೆಲ್ಲ ಚೆಲ್ಲುತ್ತಿದ್ದವು. “ಆಟ ನಿಂತಿತು ಅನ್ನು, ಸೋತೆ ಅನ್ನಬೇಡ,” ಎಂದು ಅವರು ಎದ್ದು ಒಳಗೆ ಹೋಗುತ್ತಿದ್ದರು. ನಾನು ಗೋಡೆಯ ಈಚೆ ಕೂತು ಇಬ್ಬರ ಧ್ವನಿಯನ್ನೂ ಅಭ್ಯಾಸ ಮಾಡುತ್ತಿದ್ದೆ.

ಕಚೇರಿಯಲ್ಲಿ ಊರಿಗೆಲ್ಲ ಒಂದೇ ಒಂದು ನಿಜವಾದ ಪಿಸಿ ಇತ್ತು. ಮಧ್ಯಾಹ್ನದ ಬಿಡುವಿನಲ್ಲಿ ಧರಣೇಂದ್ರಯ್ಯ ಅದರಲ್ಲಿ ಹುಲಿಕಟ್ಟಿನ ಪ್ರೋಗ್ರಾಮು ಬರೆದರು. ತಾವು ಹೇಗೆ ಆಡುತ್ತಾರೋ ಹಾಗೇ ಆಡುವ ಹುಲಿ. “ನಾನಿಲ್ಲದಿದ್ರೂ ನಿನಗೆ ಸೋಲು ತಪ್ಪಿದ್ದಲ್ಲ ಕಣೇ,” ಎಂದು ಫ್ಲಾಪಿ ತಂದು ಹೆಂಡತಿಯ ಕೈಯಲ್ಲಿಟ್ಟರು. ಹೋದ ಬೇಸಗೆಯಲ್ಲಿ ತೀರಿಕೊಂಡರು. ಅದಾದ ಕೆಲವೇ ದಿನಕ್ಕೆ ಕಚೇರಿಯ ಪಿಸಿಯೂ ಕೆಟ್ಟು, ಅದನ್ನು ಗುಜರಿಗೆ ಹಾಕಿದರು. ಚೇಳಿನಮ್ಮನವರ ಬಳಿ ಫ್ಲಾಪಿ ಉಳಿಯಿತು, ವೇಷ ಹಾಕದೆ ಅದನ್ನು ತಿನ್ನುವ ಬಾಯಿ ಊರಿನಲ್ಲೆಲ್ಲೂ ಉಳಿಯಲಿಲ್ಲ.

ಒಂದು ದಿನ ಅವರು ನಮ್ಮ ಮನೆಗೆ ಬಂದು ಹೊಸಿಲ ಮೇಲೇ ನಿಂತು ಹೇಳಿದರು: “ವಿರೂಪಾ, ಕಾರ್ಡು ಹಾಕಿಸಬೇಕು ಕಣೋ.”

“ಯಾಕಮ್ಮಾ ಈ ವಯಸ್ಸಿನಲ್ಲಿ ವೇಷ?”

“ತಮಾಷೆ ಆಮೇಲೆ ಮಾಡು. ಒಂದು ಸಲ, ಒಂದೇ ಒಂದು ಸಲ ಆ ಮನುಷ್ಯನ ಬಾಯಲ್ಲಿ ‘ಸೋತೆ’ ಅನ್ನಿಸಬೇಕು. ಬದುಕಿದ್ದಾಗ ಮಂಡಿ ತಾಗಿಸಿ ತಪ್ಪಿಸಿಕೊಂಡ್ರು. ಪೆಟ್ಟಿಗೆಗೆ ಮಂಡಿ ಇಲ್ಲವಲ್ಲ.”

ಅವರ ಮುಖದಲ್ಲಿ ಅತ್ತ ಕಳೆ ಇರಲಿಲ್ಲ, ಪಂದ್ಯಕ್ಕೆ ಹೊರಟವರ ಕಳೆ ಇತ್ತು. ಗಂಡ ಹೋದಾಗಿನಿಂದ ಅವರ ಬೆನ್ನು ಅಷ್ಟು ನೆಟ್ಟಗಾದದ್ದನ್ನು ನಾನು ನೋಡಿರಲಿಲ್ಲ.

ಕಾರ್ಡು ಮಾರುವವನು, ಕೂರಿಸುವವನು, ಕೆಟ್ಟರೆ ಬೈಸಿಕೊಳ್ಳುವವನು ಎಲ್ಲ ದಾದಾಪೀರನೇ. ನಾನೂ ಅವನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಗಿರಾಕಿಗಳಿಗೆ ತೋರಿಸಲೆಂದು ದಿನವೂ ತನ್ನ ಪೆಟ್ಟಿಗೆಗೆ ತನ್ನದೇ ನೆನಪು ಸುರಿದೂ ಸುರಿದೂ ಅವನಿಗೀಗ ಎಲ್ಲರೂ ಅಣ್ಣ, ಅಕ್ಕ. “ಬಾರಣ್ಣ, ನಮ್ಮೂರಿಗೆ ಹೊಸಬ್ರಾ?” ಎಂದು ನನ್ನನ್ನು ಕೇಳಿದ. “ಹೌದು, ನಿನ್ನಷ್ಟೇ ಹೊಸಬ,” ಎಂದೆ. ಅವನಿಗೆ ಸಂತೋಷವಾಯಿತು.

“ಕಾರ್ಡು ಐತೆ ಅಕ್ಕ,” ಎಂದು ಡಬ್ಬಿ ತೆಗೆದ. “ಇದ್ರ ಮ್ಯಾಲೆ ಅರ್ಧ ಮೆಮೊರಿ ಸಾಕು ಅಂತ ಬರ್ದವ್ರೆ. ನಂಬಬ್ಯಾಡ್ರಿ. ಅರ್ಧಕ್ಕೆ ಅಕ್ಷರ ಬರ್ತವೆ, ಚಿತ್ರ ಬರಲ್ಲ. ಹುಲಿ ಬೇಕಂದ್ರೆ ಪೂರ್ತಿ ಆರುನೂರ ನಲವತ್ತು ಕೆ.ಬಿ. ತುಂಬಬೇಕು. ಅದ್ರಾಗೂ ಒಂಚೂರು ಪೆಟ್ಟಿಗೆ ತನಗೇ ಇಟ್ಕಂತತೆ.”

“ತನಗೆ ಯಾಕಪ್ಪ?” ಎಂದರು ಚೇಳಿನಮ್ಮ.

“ತಾನ್ಯಾರು ಅಂತ ನೆನಪಿರಬೇಕಲ್ಲ ಅಕ್ಕ. ಇಲ್ಲಾಂದ್ರೆ ಹಾಕಿದ್ ವೇಷ ಬಿಚ್ಚಾಕ್ ಬರಲ್ಲ.”

ಅದು ನನಗೆ ಗೊತ್ತಿದ್ದ ವಿಷಯ. ಒಮ್ಮೆ ಹೆಡ್‌ಮಾಸ್ಟರರ ಧ್ವನಿಯಲ್ಲಿ ವಾರವಿಡೀ ಪಾಠ ಮಾಡಿದ ಮೇಲೆ ಮನೆಯಲ್ಲಿ ಉಪ್ಪಿಟ್ಟು ಕೇಳಲು ನನ್ನ ಸ್ವಂತ ಧ್ವನಿ ತಡವರಿಸಿತ್ತು. ಅದನ್ನು ಹೇಳುವಷ್ಟರಲ್ಲಿ ದಾದಾಪೀರ ಸ್ಕ್ರೂಡ್ರೈವರು ಕಿಸೆಗೆ ಹಾಕಿಕೊಂಡು ಹೊರಟಿದ್ದ.

ಕಾರ್ಡು ಕೂರಿಸಿದ ಮಧ್ಯಾಹ್ನ ಚೇಳಿನಮ್ಮ ಕಡುಹಸಿರು ಸೀರೆ ಉಟ್ಟು, ತಲೆ ಬಾಚಿ, ಎದುರಾಳಿಗೆ ತಯಾರಾಗಿ ಕೂತಿದ್ದರು. ಪೆಟ್ಟಿಗೆಯ ಮೇಲಿನ ಕಸೂತಿ ಬಟ್ಟೆ ತೆಗೆದು ಮಡಚಿಟ್ಟಾಗಿತ್ತು. ದಾದಾಪೀರ ಮುಚ್ಚಳ ಬಿಚ್ಚಿ, ಊದಿ ಧೂಳು ಹಾರಿಸಿ, ಕಾರ್ಡನ್ನು ಎರಡೂ ಹೆಬ್ಬೆರಳಿನಿಂದ ಒತ್ತಿದ. ಸ್ವಿಚ್ ಹಾಕಿದಾಗ ಪರದೆಯ ಮೂಲೆಯಲ್ಲಿ ಸೊನ್ನೆಯೊಂದು ಮೂಡಿ, ಬಾಯಿ ತೆರೆದುಕೊಂಡು ನಿಂತಿತು.

ಅವರು ಮೊದಲು ಕೊಟ್ಟದ್ದು ಚಿಲ್ಲರೆ ಸಾಮಾನು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಪದ್ಯಗಳು. ತವರೂರಿಗೆ ಹೋಗುವ ಬಸ್ಸುಗಳು ಯಾವ ಯಾವ ಹೊತ್ತಿಗೆ ಹೊರಡುತ್ತಿದ್ದವೆಂಬುದು. ದೂರದ ನೆಂಟರ ಮಕ್ಕಳ ಹೆಸರುಗಳು. ಒಂದೊಂದು ಹೇಳಿ ಮುಗಿಸಿದಾಗಲೂ ಅಂಕಿ ತುಸು ಏರಿ, ಅವರು ಒಂದು ಗಳಿಗೆ ತಡೆದು, “ಹ್ಞೂ, ಮುಂದಿನದು,” ಎನ್ನುತ್ತಿದ್ದರು. ಅರ್ಧಕ್ಕೆ ಬಂದಾಗ ಅಕ್ಷರ ಮೂಡಿತು: ‘ಹುಲಿಕಟ್ಟು. ಬರೆದವನು ಧರಣೇಂದ್ರ. ಸೋಲುವವಳು ಚೇಳಿನಿ.’ ಅಷ್ಟಕ್ಕೇ ನಿಂತಿತು. ಚೇಳಿನಮ್ಮ ಪರದೆಯ ಗಾಜಿನ ಮೇಲೆ ಆ ಸಾಲಿನ ಕೊನೆಯ ಪದವನ್ನು ಬೆರಳಿನಿಂದ ಉಜ್ಜಿದರು, ಹೋಗುತ್ತದೇನೋ ಎಂಬಂತೆ.

“ನೋಡಿದೆಯಾ, ಹೇಗೆ ಬರೆದಿದ್ದಾರೆ. ಇರಲಿ, ಇವತ್ತು ಇದೆ ಹಬ್ಬ.”

“ಅಮ್ಮಾ, ಬೇಕಿದ್ದರೆ ನನ್ನದೂ ಸ್ವಲ್ಪ ಕೊಡುತ್ತೇನೆ,” ಎಂದೆ. ಬಾಯಿ ಜಾರಿ ಬಂದ ಮಾತು. ಆದರೆ ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

“ಬೇಡಪ್ಪ. ನಿನ್ನ ನೆನಪು ನಿನ್ನ ಹೊಟ್ಟೆಪಾಡು. ಎರವಲು ತಂದು ಅವರ ಮುಂದೆ ಕೂತರೆ ಅದಕ್ಕೂ ಆಡಿಕೊಳ್ತಾರೆ.”

ದಾದಾಪೀರ ಚಕ್ಕುಲಿ ಕಡಿಯುತ್ತಾ, “ಅಕ್ಕ, ಹಿಂಗ್ ಚಿಲ್ಲರೆ ಹಾಕ್ತಾ ಕೂತ್ರೆ ಸಂಜೆ ಆಗ್ತತೆ. ಜಗಳ ಇಲ್ವಾ ಮನ್ಯಾಗೆ?” ಎಂದ.

ಚೇಳಿನಮ್ಮ ನಕ್ಕುಬಿಟ್ಟರು. ಅಷ್ಟು ಜೋರಾಗಿ ನಕ್ಕರೆಂದರೆ ಕೈ ಪೆಟ್ಟಿಗೆಯಿಂದ ಜಾರಿತು. “ಜಗಳಕ್ಕೇನಪ್ಪ ಬರ? ಗೋಡೌನೇ ಇದೆ. ಯಾವುದು ಕೊಡಲಿ ಹೇಳು.”

ಮೊದಲು ಹೀರೆಕಾಯಿ ಜಗಳ ಕೊಟ್ಟರು. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಧರಣೇಂದ್ರಯ್ಯ ಬಲಿತ ಹೀರೆಕಾಯಿ ತಂದದ್ದು, ಇದನ್ನು ಪಲ್ಯ ಮಾಡಲೋ ಬೆನ್ನು ಉಜ್ಜಲೋ ಎಂದು ಇವರು ಕೇಳಿದ್ದು, ಹಠಕ್ಕೆ ಬಿದ್ದು ಅವರು ಇಡೀ ಬಾಣಲೆ ಪಲ್ಯವನ್ನು ಒಬ್ಬರೇ ಅಗಿದು ನುಂಗಿದ್ದು. “ನೀನು ಅವರ ಥರ ಹೇಳೋ, ‘ಮೆತ್ತಗಿದೆ’ ಅಂದದ್ದು,” ಎಂದು ನನಗೆ ಹೇಳಿದರು. ನಾನು ಬಾಯಿ ತುಂಬ ನಾರು ಇರುವಂತೆ ಮಾಡಿಕೊಂಡು ಧರಣೇಂದ್ರಯ್ಯನವರ ಧ್ವನಿಯಲ್ಲಿ “ಮೆತ್ತಗಿದೆ, ಬೆಣ್ಣೆ ಥರ,” ಎಂದೆ. ಅವರಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ನಗು ಮುಗಿಯುವ ಮೊದಲೇ ಅಂಕಿ ದೊಡ್ಡ ಹೆಜ್ಜೆ ಇಟ್ಟು ಏರಿತು. ಅವರು ಕಣ್ಣೊರೆಸಿಕೊಂಡು, “ಯಾಕೆ ನಗ್ತಿದ್ದೆ ನಾನು?” ಎಂದರು.

ಆಮೇಲೆ ರೇಡಿಯೋ ಜಗಳ: ರಿಪೇರಿ ಮಾಡುತ್ತೇನೆಂದು ಬಿಚ್ಚಿದ ರೇಡಿಯೋ ವರ್ಷಗಟ್ಟಲೆ ಅಟ್ಟದ ಮೇಲೆ ಹೊಟ್ಟೆ ತೆರೆದುಕೊಂಡು ಬಿದ್ದದ್ದು. ಆಮೇಲೆ ‘ಚೇಳಿ’ ಎಂದು ನೆಂಟರ ಮುಂದೆ ಕರೆದ ಜಗಳ. ಮಾತು ಬಿಟ್ಟು, ನಾಯಿಯ ಮೂಲಕ ಮಾತಾಡಿದ ಜಗಳ: “ನಾಣಿ, ಅವಳಿಗೆ ಹೇಳು, ಸಾರಿಗೆ ಉಪ್ಪಿಲ್ಲ.” ಒಂದೊಂದನ್ನೂ ಅವರು ಎಷ್ಟು ರುಚಿಕಟ್ಟಾಗಿ ಹೇಳಿದರೆಂದರೆ ದಾದಾಪೀರ ಅಗಿಯುವುದನ್ನು ನಿಲ್ಲಿಸಿದ. ಗಂಡನ ಪಾಲಿನ ಮಾತು ಬಂದಾಗ ನನ್ನ ಕಡೆ ಕಣ್ಣು ತಿರುಗಿಸುತ್ತಿದ್ದರು, ನಾನು ಆ ಧ್ವನಿ ಕೊಡುತ್ತಿದ್ದೆ. ನನ್ನ ಜನ್ಮದಲ್ಲಿ ನಾನು ಅಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ. ಆ ಗುಂಗಿನಲ್ಲಿ ನಾನು ಗಮನಿಸಿದರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿ ಒಂದಿತ್ತು. ಅವರ ಹುಬ್ಬುಗಳ ನಡುವೆ ಒಂದು ಗೆರೆ ಇತ್ತು, ನಾನು ಕಂಡಂದಿನಿಂದಲೂ ಇದ್ದ ಗೆರೆ. ಅದು ಒಂದೊಂದು ಜಗಳಕ್ಕೂ ಮಾಸುತ್ತಾ ಬರುತ್ತಿತ್ತು.

ಕೊನೆಗೆ ಸ್ವಲ್ಪವೇ ಸ್ವಲ್ಪ ಕಡಿಮೆ ಬಿತ್ತು. ಉಳಿದದ್ದು ಹುಲಿಕಟ್ಟಿನ ಮುಂದೆ ಆಡಿದ ಜಗಳಗಳು ಮಾತ್ರ.

ಚೇಳಿನಮ್ಮ ಪೆಟ್ಟಿಗೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. “ಆಟದ ಜಗಳಾನೂ ಕೊಡಬೇಕಾ?”

“ಜಗಳ ತಾನೇ ಅಕ್ಕ,” ಎಂದ ದಾದಾಪೀರ. “ಆಟ ನಿಮ್ಮತ್ರಾನೇ ಇರ್ತತಲ್ಲ.”

ಅವರು ನನ್ನ ಮುಖ ನೋಡಿದರು. ನನಗೂ ಅದು ಸರಿಯೆಂದೇ ಕಂಡಿತು. ನಮ್ಮ ಊರಿನಲ್ಲಿ ಜಗಳ ಕೊಟ್ಟು ಪಶ್ಚಾತ್ತಾಪಪಟ್ಟವರು ಯಾರೂ ಇರಲಿಲ್ಲ. ಪಶ್ಚಾತ್ತಾಪಕ್ಕೂ ನೆನಪು ಬೇಕು ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. “ಕೊಡಿ ಅಮ್ಮಾ, ಹುಲಿ ಬರಲಿ,” ಎಂದೆ.

ಅವರು ಅದನ್ನು ಬಿಡಿಬಿಡಿಯಾಗಿ ಹೇಳಲಿಲ್ಲ, ಒಂದೇ ಗಂಟಿನಲ್ಲಿ ಕೊಟ್ಟರು. ಜಗಲಿ, ಸೀಮೆಸುಣ್ಣ, ಎರಡು ಸಲ ನಡೆಸಿದ ಹುಲಿ, ಸೆರಗಿನ ಆಡು, ಜಿರಲೆ ಮೀಸೆ, ಜೋಮು ಹಿಡಿದ ಮಂಡಿ. ಹೇಳುವಾಗ ಧ್ವನಿ ಏರಿತು, ಏರಿದ್ದು ಹಾಗೇ ತೆಳ್ಳಗಾಗಿ ನಿಂತಿತು. ಅಂಕಿ ತುಂಬಿತು. ಪರದೆ ಒಮ್ಮೆ ಕಪ್ಪಾಗಿ, ಬಣ್ಣ ಬಂದು, ಗೆರೆಗಳು ತಾವೇ ಎಳೆದುಕೊಂಡು ಹುಲಿಕಟ್ಟಿನ ಮನೆಗಳು ಮೂಡಿದವು. ಹಳದಿ ಹುಲಿಗಳು. ಅವಕ್ಕೆ ಧರಣೇಂದ್ರಯ್ಯ ಮೀಸೆ ಬರೆದಿದ್ದರು, ದಪ್ಪ ಹುರಿ ಮೀಸೆ.

“ಬಂತು,” ಎಂದು ದಾದಾಪೀರ ತೊಡೆ ತಟ್ಟಿದ.

ಕೆಳಗೆ ಅಕ್ಷರಗಳು ಒಂದೊಂದಾಗಿ ಬಂದವು: ‘ಬಂದೆಯಾ ಚೇಳಿ? ಇವತ್ತು ಎಷ್ಟು ಆಡು ಸೆರಗಿನಲ್ಲಿದೆ?’

ಚೇಳಿನಮ್ಮ ಓದಿದರು. ಮತ್ತೊಮ್ಮೆ ಓದಿದರು. “ಯಾರಿಗೆ ಕೇಳ್ತಿದ್ದಾರೆ ಇದು?”

“ನಿಮಗೇ ಅಮ್ಮಾ. ಯಜಮಾನರು.”

“ಅವರಾ? ಅವರು ಹೀಗೆಲ್ಲ ಮಾತಾಡೋರಲ್ಲ. ಬಿಸಿಲಿಂದ ಬಂದ್ರೆ ಒಂದು ಲೋಟ ಮಜ್ಜಿಗೆ ಕೇಳೋರು, ಅಷ್ಟೆ.” ಸೆರಗಿನ ಅಂಚು ತಿರುವಿ ನೋಡಿ, “ಸೆರಗಲ್ಲಿ ಯಾಕೆ ಆಡು ಕಟ್ಟಿಕೊಳ್ಳಲಿ? ಗಲೀಜು,” ಎಂದರು.

ನಾನು ದಾದಾಪೀರನ ಕಡೆ ನೋಡಿದೆ. ಅವನು ಹುಲಿಗಳ ಬಣ್ಣ ನೋಡುತ್ತಿದ್ದ.

ಆಟ ಶುರುವಾಯಿತು. ಆಟ ಅವರಿಗೆ ಮರೆತಿರಲಿಲ್ಲ, ದಾದಾಪೀರ ಹೇಳಿದ್ದು ಅಷ್ಟರ ಮಟ್ಟಿಗೆ ನಿಜ. ಆಡುಗಳನ್ನು ಒಂದೊಂದಾಗಿ ಇಟ್ಟರು, ಆತುರವಿಲ್ಲದೆ, ಹೂ ಕಟ್ಟುವವರ ಹಾಗೆ. ಹುಲಿ ಒಂದು ಆಡು ತಿಂದು, ‘ಒಗ್ಗರಣೆಗೆ ಸಾಲದು, ಇನ್ನೊಂದು ಕೊಡು,’ ಎಂದಿತು. ಅವರು ತಲೆದೂಗಿದರು. ನಡುವೆ ಹುಲಿ ಒಂದೇ ಸರದಿಯಲ್ಲಿ ಎರಡು ಮನೆ ನಡೆಯಿತು. ತಮ್ಮ ಮೋಸವನ್ನೂ ಧರಣೇಂದ್ರಯ್ಯ ಅಷ್ಟು ಪ್ರಾಮಾಣಿಕವಾಗಿ ಪ್ರೋಗ್ರಾಮಿನಲ್ಲಿ ಬರೆದಿದ್ದರು. ಅವರ ಬಾಯಿಂದ ಜಗಳ ಹೊರಡಲೆಂದು ನಾನು ಕಾದೆ.

“ಎರಡು ಸಲ ನಡೀತು,” ಎಂದೆ ಕಡೆಗೆ.

“ನೋಡಿದೆ. ಇರಲಿ ಬಿಡು, ಅರ್ಜೆಂಟೇನೋ.”

ಸಿಟ್ಟಿಲ್ಲದ ಚೇಳಿನಮ್ಮ ಎಂಥ ಆಟಗಾರ್ತಿ ಎಂಬುದನ್ನು ಆ ಮಧ್ಯಾಹ್ನ ನೋಡಿದೆ. ಯಾವ ಅಣಕಕ್ಕೂ ಕೈ ತಪ್ಪಲಿಲ್ಲ. ಅಣಕ ಅವರಿಗೆ ತಾಗಲೇ ಇಲ್ಲ. ಒಂದು ಹುಲಿ ಮೂಲೆಗೆ ಬಿತ್ತು, ಇನ್ನೊಂದು ನಡುವೆ ಸಿಕ್ಕಿಕೊಂಡಿತು, ಕೊನೆಯದಕ್ಕೆ ಉಳಿದಿದ್ದ ಒಂದೇ ದಾರಿಯ ಮೇಲೆ ಚೇಳಿನಮ್ಮ ಆಡು ಇಟ್ಟರು. ಜಗಲಿಯ ಮೇಲೆ ಅಷ್ಟು ವರ್ಷ ಆಗದೇ ಇದ್ದದ್ದು ಆಗಿತ್ತು. ಹುಲಿಗಳು ಕಟ್ಟುಬಿದ್ದಿದ್ದವು.

ಆಮೇಲೆ ಅಕ್ಷರಗಳು ಬಂದವು: ‘ಒಂದು ಆಡು ಹೆಚ್ಚಾಗಿದೆ. ಸೆರಗಿನಿಂದ ತೆಗೆದದ್ದು ತಾನೇ? ಹೌದು ಎಂದರೆ ಆಟ ನನ್ನದು. ಅಲ್ಲ ಎಂದರೆ ಬೈದು ತೋರಿಸು, ಆಗ ಒಪ್ಪುತ್ತೇನೆ.’ ಅದರ ಕೆಳಗೆ ಉತ್ತರ ಬರೆಯಲು ಖಾಲಿ ಜಾಗ. ಆ ಜಾಗ ಪರದೆಯ ಅರ್ಧಕ್ಕಿಂತ ಹೆಚ್ಚಿತ್ತು. ಇಡೀ ಆಟಕ್ಕೆ ಇಷ್ಟೊಂದು ಮೆಮೊರಿ ಯಾಕೆ ಬೇಕಾಯಿತೆಂದು ನನಗೆ ಆಗ ತಿಳಿಯಿತು. ಹುಲಿಗೆ ಬೇಕಾದದ್ದು ಸ್ವಲ್ಪವೇ. ಉಳಿದದ್ದನ್ನೆಲ್ಲ ಅವರು ಹೆಂಡತಿಯ ಬೈಗುಳಕ್ಕೆಂದು ಕಾದಿರಿಸಿದ್ದರು.

“ಅಮ್ಮಾ, ಬೈಯಿರಿ,” ಎಂದೆ.

“ಯಾಕೋ?”

“ಬೈದರೆ ಸೋತೆ ಅಂತಾರೆ. ಅಲ್ಲೇ ಬರೆದಿದೆ ನೋಡಿ. ಏನಾದರೂ ಒಂದು. ನೀವು ಯಾವಾಗಲೂ ಬೈತಿದ್ದಿರಲ್ಲ.” ನಾನು ಗಂಟಲು ಸರಿಮಾಡಿಕೊಂಡೆ. ಗೋಡೆಯ ಈಚೆ ಕೂತು ಕಲಿತ ಧ್ವನಿ, ನನ್ನ ಬಳಿ ಇರುವುದರಲ್ಲೆಲ್ಲ ಚೊಕ್ಕವಾದದ್ದು. “ಹುಲಿಯಂತೆ ಹುಲಿ, ಮೀಸೆ ನೋಡಿದ್ರೆ ಜಿರಲೆದು,” ಎಂದೆ, ಅವರದೇ ಧ್ವನಿಯಲ್ಲಿ, ಕೊನೆಯ ಪದವನ್ನು ಅವರು ಎಳೆಯುತ್ತಿದ್ದ ಹಾಗೇ ಎಳೆದು.

ಚೇಳಿನಮ್ಮ ನಕ್ಕರು. ಸಭೆಯಲ್ಲಿ ಕೂತವರು ನಗುವ ನಗು. “ಚೆನ್ನಾಗಿ ಮಾಡ್ತೀಯ. ಯಾರೋ ಅದು? ಒಳ್ಳೇ ಗಯ್ಯಾಳಿ ಇರಬೇಕು.”

ನಾನು ಕೀಲಿಮಣೆಯ ಕಡೆ ಕೈ ಚಾಚಿದೆ. ನಾನೇ ಒತ್ತಿಬಿಟ್ಟರಾಯಿತು, ಪೆಟ್ಟಿಗೆಗೇನು ಗೊತ್ತಾಗುತ್ತದೆ? ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಹಿಡಿತ ಮೆತ್ತಗಿತ್ತು, ಆದರೆ ಬಿಡುವ ಹಾಗಿರಲಿಲ್ಲ.

“ನೀನ್ಯಾಕೋ ಅವರಿಗೆ ಬೈತೀಯ? ಒಳ್ಳೇ ಮನುಷ್ಯ. ಏನೋ ಒಂದು ಆಡು ಹೆಚ್ಚಾಯ್ತು ಅಂತ ಅನ್ನಿಸಿದೆ ಅವರಿಗೆ. ಅಲ್ಲ ಅಂದ್ರೆ ನೊಂದುಕೊಳ್ತಾರೆ.”

“ಅಮ್ಮಾ, ಹೌದು ಅಂದರೆ ಆಟ ಅವರದಾಗುತ್ತೆ. ನೀವು ಗೆಲ್ಲಬೇಕು ಅಂತ ತಾನೇ...”

“ಗೆಲ್ಲಲಿ ಬಿಡೋ. ಗೆದ್ದರೆ ನನಗೇನು ನಷ್ಟ?” ಎಂದು ಅವರು ಒಂದೊಂದೇ ಅಕ್ಷರ ಹುಡುಕಿ ‘ಹೌದು’ ಎಂದು ಒತ್ತಿದರು.

ಪೆಟ್ಟಿಗೆಯೊಳಗೆ ಏನೋ ಕಿರುಗುಟ್ಟಿತು. ‘ಹೌದಾ?’ ಎಂದು ಬಂತು. ಇದನ್ನು ಧರಣೇಂದ್ರಯ್ಯ ಸುಮ್ಮನೆ ಒಂದು ಸಾಲು ಇರಲಿ ಎಂದು ಬರೆದಿಟ್ಟಿರಬೇಕು, ಎಂದಾದರೂ ಬೇಕಾಗುತ್ತದೆಂದು ಅಂದುಕೊಂಡಿರಲಿಕ್ಕಿಲ್ಲ. ಕೆಳಗೆ ಚಿಕ್ಕದಾಗಿ: ‘ಹಾಗಾದರೆ ನಾನು ಗೆದ್ದೆ. ಹುಷಾರಿಲ್ಲವೇನೇ ಚೇಳಿ?’

“ಗೆದ್ದರಂತೆ,” ಎಂದು ಚೇಳಿನಮ್ಮ ದಾದಾಪೀರನಿಗೆ ಹೇಳಿದರು. ಅವನು, “ಒಳ್ಳೇದಾತು ಬಿಡ್ರಿ ಅಕ್ಕ,” ಎಂದು ಸ್ಕ್ರೂಗಳನ್ನು ಡಬ್ಬಿಗೆ ಹಾಕತೊಡಗಿದ.

ಅವರು ಸೆರಗಿನಿಂದ ಪರದೆಯ ಮೇಲಿನ ಬೆರಳ ಗುರುತು ಒರೆಸಿದರು. “ನಾವಿಬ್ಬರೂ ಒಂದು ದಿನಾನೂ ಜಗಳ ಆಡಿದವರಲ್ಲ, ಅಲ್ವೇನೋ ವಿರೂಪಾ? ಪಕ್ಕದಲ್ಲೇ ಇದ್ದೀಯ, ನಿನಗೆ ಗೊತ್ತಲ್ಲ.”

ಅಷ್ಟೊಂದು ಧ್ವನಿಗಳಿರುವ ಗಂಟಲು. “ಹೌದಮ್ಮಾ,” ಎಂದದ್ದು ಯಾರ ಧ್ವನಿಯಲ್ಲೋ ತಿಳಿಯಲಿಲ್ಲ.

“ಸ್ವಿಚ್ ಆರಿಸು, ಕರೆಂಟು ಸುಮ್ನೆ ಹೋಗ್ತಿದೆ.”

“ಇರಲಿ ಅಮ್ಮಾ. ಇನ್ನೂ ಸ್ವಲ್ಪ ಹೊತ್ತು ಇರಲಿ.”

“ಯಾಕೋ, ಆಟ ಮುಗೀತಲ್ಲ,” ಎಂದು ಅವರೇ ಬಗ್ಗಿದರು. ನಾನು ಅಡ್ಡ ಬರಬಹುದಿತ್ತು. ಬಂದು ಏನೆಂದು ಹೇಳಲಿ? ಹೀರೆಕಾಯಿ, ರೇಡಿಯೋ, ನಾಯಿಯ ಹತ್ತಿರ ಹೇಳಿಸಿದ ಉಪ್ಪು, ಇವೆಲ್ಲ ಆ ಪೆಟ್ಟಿಗೆಯಲ್ಲಿವೆ ಎಂದರೆ ಅವರು ‘ಯಾರದು?’ ಎಂದು ಕೇಳುತ್ತಿದ್ದರು. ಬೆರಳು ಸ್ವಿಚ್ಚನ್ನು ಒತ್ತಿತು. ಒಳಗಿನ ಫ್ಯಾನು ನಿಧಾನಕ್ಕೆ ನಿಂತಿತು. ಅವರು ಕಸೂತಿ ಬಟ್ಟೆ ಹೊದಿಸಿ, ಅಂಚು ಸರಿಮಾಡಿ, ಊಟಕ್ಕೆ ಹೊತ್ತಾಯಿತೆಂದು ಒಳಗೆ ಹೋದರು. ಬಿಸಿಲು ಇನ್ನೂ ಇತ್ತು.

ಈಗ ಅವರ ಊಟವಾದ ಮೇಲೆ ನಾನು ಆಚೆಯ ಜಗಲಿಗೆ ಹೋಗುತ್ತೇನೆ. ಸೀಮೆಸುಣ್ಣ ನಾನೇ ಒಯ್ಯುತ್ತೇನೆ. ನಾನು ಹುಲಿ, ಅವರು ಆಡು. ಒಂದೇ ಸರದಿಗೆ ಎರಡು ಸಲ ನಡೆಸುತ್ತೇನೆ, ಕೆಲವೊಮ್ಮೆ ಮೂರು ಸಲ. ಅವರ ಕಣ್ಣೆದುರಿಗೇ ಅವರ ಹುಣಸೆಬೀಜ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಸೆರಗಲ್ಲೇನಿದೆ ಬಿಚ್ಚಿ ಎನ್ನುತ್ತೇನೆ. ಅವರು ಪಾಪ, ಬಿಚ್ಚಿ ತೋರಿಸುತ್ತಾರೆ. ಹುಬ್ಬುಗಳ ನಡುವೆ ಆ ಗೆರೆ ಮೂಡೀತೇನೋ ಎಂದು ನಾನು ಬಹಳ ಹೊತ್ತು ನೋಡುತ್ತೇನೆ, ಅಲ್ಲಿ ನೀರು ಹಾಕಿ ಒರೆಸಿದ ಜಗಲಿಯ ಹಾಗೆ ಎಲ್ಲ ನುಣ್ಣಗಿದೆ. “ಇರಲಿ ಬಿಡು,” ಎನ್ನುತ್ತಾರೆ. ದಿನವೂ ನಾನೇ ಗೆಲ್ಲುತ್ತಿದ್ದೇನೆ.